ಒಂಬತ್ತನೆಯ ಸಲಕ್ಕೆ ಏಳುತ್ತಿದ್ದ ಕಂಪ್ಯೂಟರ್

ಕಳೆದ ಡಿಸೆಂಬರಿನ ಎರಡನೆಯ ವಾರದಲ್ಲಿ ಒಂದು ಮುಂಜಾನೆ ಆರೂವರೆಯ ಹೊತ್ತಿಗೆ ನಾನು ಎಂದಿನಂತೆ ಕಂಪ್ಯೂಟರಿನ ಗುಂಡಿ ಒತ್ತಿದೆ. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮೂರು ಸೆಕೆಂಡು ಬಿಟ್ಟು ತಾನಾಗಿಯೇ ಮತ್ತೊಮ್ಮೆ ತಿರುಗಿ ಮತ್ತೆ ನಿಂತಿತು. ಮಾನಿಟರಿನ ಮೇಲೆ ಅಕ್ಷರವೂ ಇಲ್ಲ, ಸ್ಪೀಕರಿನಿಂದ ಬೀಪ್ ಸದ್ದೂ ಇಲ್ಲ. ಹೀಗೆ ಏಳು ಸಲ ಆದ ಮೇಲೆ, ಎಂಟನೆಯ ಸಲಕ್ಕೆ ಏನೂ ಆಗಿಯೇ ಇಲ್ಲವೆಂಬಂತೆ ಅದು ಪೂರ್ತಿಯಾಗಿ ಚಾಲೂ ಆಯಿತು, ಮತ್ತು ಆ ದಿನ ರಾತ್ರಿ ಹತ್ತರವರೆಗೆ ಒಮ್ಮೆಯೂ ತೊಂದರೆ ಕೊಡಲಿಲ್ಲ. ಮರುದಿನ ಮುಂಜಾನೆ ಮತ್ತೆ ಅದೇ ಕಥೆ. ಆ ದಿನ ಒಂಬತ್ತನೆಯ ಸಲಕ್ಕೆ ಎದ್ದಿತು.

ಕಲಬುರಗಿಯ ನಮ್ಮ ಮನೆಯಲ್ಲಿ ಈ ಯಂತ್ರಕ್ಕೆ ಇರುವ ಮಹತ್ವವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹದಿನೈದು ವರ್ಷಗಳಿಂದ ಮನೆಯಲ್ಲೇ ಕನ್ನಡ ಟೈಪಿಂಗ್ ಮತ್ತು ಪುಟವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಕೈಬರಹದ ಹಾಳೆಗಳ ಕಟ್ಟು ತಂದುಕೊಡುತ್ತಾರೆ. ಅದನ್ನು ನುಡಿ ತಂತ್ರಾಂಶದಲ್ಲಿ ಒಡಮೂಡಿಸಿ, ಅಡಿಟಿಪ್ಪಣಿ ಹೊಂದಿಸಿ, ಪ್ರಿಂಟು ತೆಗೆದು ಕೊಡುವುದು ನನ್ನ ಜೀವನೋಪಾಯ. ಆ ಡಿಸೆಂಬರಿನಲ್ಲಿ ನನ್ನ ಕೈಯಲ್ಲಿದ್ದದ್ದು ತತ್ತ್ವಪದಗಳ ಕುರಿತ ಒಂದು ಪಿಎಚ್‌ಡಿ ಪ್ರಬಂಧ, ಮುನ್ನೂರಕ್ಕೂ ಹೆಚ್ಚು ಪುಟ. ಎಳ್ಳಮಾವಾಸ್ಯೆ ಕಳೆದು ವಾರದೊಳಗೆ ಅದನ್ನು ಸಲ್ಲಿಸಬೇಕಿತ್ತು. ಪ್ರಬಂಧ ಬರೆದ ಹುಡುಗಿಯ ಐದು ವರ್ಷದ ದುಡಿಮೆ ನನ್ನ ಮೇಜಿನ ಕೆಳಗಿನ ಡಬ್ಬಿಯಲ್ಲಿತ್ತು. ಆದ್ದರಿಂದ ಕಂಪ್ಯೂಟರ್ ಎರಡನೆಯ ದಿನವೂ ತಕರಾರು ಮಾಡಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ರಿಪೇರಿಗೆ ಸಂಬಂಧಿಸಿದ್ದಲ್ಲ. ಅದು ಚಾಲೂ ಆಗಿದ್ದ ಹೊತ್ತಿನಲ್ಲೇ ಪ್ರಬಂಧದ ಎಲ್ಲ ಅಧ್ಯಾಯಗಳನ್ನೂ, ಹಿಂದಿನ ನಾಲ್ಕು ವರ್ಷದ ಕಡತಗಳನ್ನೂ ಒಂದು ಪೆನ್‌ಡ್ರೈವಿಗೂ ನನ್ನ ತಮ್ಮನ ಲ್ಯಾಪ್‌ಟಾಪಿಗೂ ಇಳಿಸಿಟ್ಟೆ. ಹೀಗೆ ಅರ್ಧಂಬರ್ಧ ವಿದ್ಯುತ್ ಸಿಕ್ಕಿ ಮತ್ತೆ ಮತ್ತೆ ನಿಲ್ಲುವುದು ಹಾರ್ಡ್‌ಡಿಸ್ಕಿಗೆ ಒಳ್ಳೆಯದಲ್ಲ. ತಿರುಗುವ ತಟ್ಟೆಯಿರುವ ಹಳೆಯ ಬಗೆಯ ಡಿಸ್ಕಾದರಂತೂ ಪ್ರತಿ ಸಲವೂ ಅದರ ಮೋಟಾರು ಹೊಸದಾಗಿ ವೇಗ ಪಡೆಯಬೇಕಾಗುತ್ತದೆ. ಯಂತ್ರ ಕೆಟ್ಟರೆ ಇನ್ನೊಂದು ಕೊಳ್ಳಬಹುದು; ಟೈಪು ಮಾಡಿದ ಅಕ್ಷರ ಹೋದರೆ ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನಮ್ಮದು 2012ರಲ್ಲಿ ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿಕೊಂಡ ಯಂತ್ರ. ಎರಡು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು, ಒಂದು ಹಾರ್ಡ್‌ಡಿಸ್ಕ್, ಈಗ ಯಾರೂ ಬಳಸದ ಒಂದು ಡಿವಿಡಿ ಡ್ರೈವ್. ನನ್ನ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅದನ್ನು ಒಂದು ಹಳೆಯ ಚಾದರದಲ್ಲಿ ಸುತ್ತಿ, ಆಟೋದಲ್ಲಿ ಇಟ್ಟುಕೊಂಡು, ಸೂಪರ್ ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ಗುಂಡಿ ಒತ್ತಿದೊಡನೆ ಒಂದೇ ಸಲಕ್ಕೆ ಚಾಲೂ ಆಯಿತು. ಮೂರು ಸಲ ನಿಲ್ಲಿಸಿ ಮೂರು ಸಲ ಒತ್ತಿದರು. ಮೂರು ಸಲವೂ ಸರಿಯಾಗಿಯೇ ಎದ್ದಿತು. ಅಂಗಡಿಯವರು, “ಅಕ್ಕೋರ, ಇದರಾಗ ಏನೂ ಕೆಟ್ಟಿಲ್ರಿ. ವಿಂಡೋಸ್ ಕೆಟ್ಟಿರಬೇಕು, ಫಾರ್ಮ್ಯಾಟ್ ಹೊಡದ್ರ ಸರಿ ಆಗ್ತದ ನೋಡ್ರಿ,” ಎಂದರು. ನಾನು ಒಪ್ಪಲಿಲ್ಲ. ವಿಂಡೋಸ್ ಇರುವುದು ಹಾರ್ಡ್‌ಡಿಸ್ಕಿನಲ್ಲಿ. ಗುಂಡಿ ಒತ್ತಿದ ಮೇಲೆ ವಿದ್ಯುತ್ತು ಸ್ಥಿರವಾಗಬೇಕು, ಪ್ರೊಸೆಸರ್ ಎಚ್ಚರಗೊಳ್ಳಬೇಕು, ಬಯಾಸ್ ಎಂಬ ಮೊದಲ ಹಂತದ ತಂತ್ರಾಂಶ ತನ್ನ ಪರೀಕ್ಷೆ ಮುಗಿಸಬೇಕು, ಪರದೆಯ ಮೇಲೆ ಕಂಪನಿಯ ಗುರುತು ಮೂಡಬೇಕು; ಅದಾದ ಮೇಲೆ ತಾನೇ ಡಿಸ್ಕನ್ನು ಓದುವ ಸರದಿ. ನಮ್ಮ ಯಂತ್ರ ನಿಲ್ಲುತ್ತಿದ್ದದ್ದು ಮೊದಲ ಒಂದು ಸೆಕೆಂಡಿನಲ್ಲಿ. ಇನ್ನೂ ಓದೇ ಇರದ ವಿಂಡೋಸ್ ಅದನ್ನು ನಿಲ್ಲಿಸಲಾರದು ಎಂಬಷ್ಟು ನನಗೆ ಖಚಿತವಿತ್ತು. ಹಾಗೆ ಹೇಳಿದಾಗ ಅವರು, “ಹಂಗಾದ್ರ ಮದರ್‌ಬೋರ್ಡ್ ಹೋಗ್ಯಾದ್ರಿ, ಹೊಸಾ ಸೆಟ್ಟೇ ತಗೋಬೇಕಾಗ್ತದ,” ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಕಣ್ಣೆದುರು ಸರಿಯಾಗಿ ನಡೆಯುತ್ತಿರುವ ಯಂತ್ರದಲ್ಲಿ ದೋಷ ಹುಡುಕುವುದು ಯಾರಿಗಾದರೂ ಕಷ್ಟವೇ. ಅದನ್ನು ಮತ್ತೆ ಚಾದರದಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ದಾರಿಯಲ್ಲಿ ಒಂದೇ ಪ್ರಶ್ನೆ ತಲೆಯಲ್ಲಿ ಉಳಿಯಿತು. ಮನೆಯಲ್ಲಿ ಮುಂಜಾನೆ ಏಳದ ಯಂತ್ರ ಅಂಗಡಿಯಲ್ಲಿ ಮಧ್ಯಾಹ್ನ ಒಂದೇ ಸಲಕ್ಕೆ ಎದ್ದದ್ದು ಹೇಗೆ? ಬದಲಾದದ್ದು ಜಾಗವೋ, ಹೊತ್ತೋ? ಇದನ್ನು ಊಹೆಯಿಂದ ತೀರ್ಮಾನಿಸಬಾರದು ಎಂದುಕೊಂಡು, ಮಗಳ ಹಳೆಯ ಇನ್ನೂರು ಪುಟದ ನೋಟುಬುಕ್ಕಿನ ಕೊನೆಯಲ್ಲಿ ಉಳಿದಿದ್ದ ಹಾಳೆಗಳಲ್ಲಿ ನಾಲ್ಕು ಗೆರೆ ಎಳೆದೆ: ಹೊತ್ತು, ಕೋಣೆಯ ಉಷ್ಣತೆ, ಹಿಂದೆ ಎಷ್ಟು ಹೊತ್ತು ಬಂದ್ ಆಗಿತ್ತು, ಎಷ್ಟನೆಯ ಸಲಕ್ಕೆ ಎದ್ದಿತು. ಗೋಡೆಯಲ್ಲಿ ತೂಗುಹಾಕಿದ್ದ ಸಣ್ಣ ಉಷ್ಣಮಾಪಕವನ್ನು ತಂದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಇಟ್ಟೆ. ಆರು ದಿನ ಬರೆದೆ. ಮುಂಜಾನೆ ಆರೂವರೆ, 17 ಡಿಗ್ರಿ, ರಾತ್ರಿಯಿಡೀ ಬಂದ್, 9. ಅದೇ ದಿನ ಹತ್ತೂವರೆ, 22 ಡಿಗ್ರಿ, ಮೂರು ಗಂಟೆ ಬಂದ್, 4. ಮಧ್ಯಾಹ್ನ ಎರಡೂವರೆ, 28 ಡಿಗ್ರಿ, ಎರಡು ಗಂಟೆ ಬಂದ್, 1. ಬಂದ್ ಮಾಡಿ ಹತ್ತೇ ನಿಮಿಷಕ್ಕೆ ಮತ್ತೆ ಒತ್ತಿದರೆ, ಅದು ಯಾವ ಹೊತ್ತೇ ಆಗಿರಲಿ, 1. ಆರು ದಿನದ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತಿತ್ತು: ಯಂತ್ರ ತಣ್ಣಗಿದ್ದಷ್ಟೂ ಏಳುವುದು ಕಷ್ಟ, ಒಮ್ಮೆ ಬೆಚ್ಚಗಾದರೆ ಯಾವ ತೊಂದರೆಯೂ ಇಲ್ಲ. ನಮ್ಮ ಊರಿನಲ್ಲಿ ಯಂತ್ರಗಳು ಸೋಲುವುದು ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಅವು ಆರಾಮಾಗಿರುತ್ತವೆ ಎಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆಗೆ ವಿರುದ್ಧವಾಗಿ ನಿಂತಿದ್ದ ಆ ಹಾಳೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು.

ಆದರೂ ಸುಲಭವಾದವುಗಳನ್ನು ಮೊದಲು ತೆಗೆದುಹಾಕಬೇಕಿತ್ತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು, ಬದಲಾಯಿಸಿದ್ದನ್ನು ಪುಸ್ತಕದಲ್ಲಿ ಬರೆಯುವುದು, ಪರೀಕ್ಷೆಯನ್ನು ಮುಂಜಾನೆಯ ತಣ್ಣನೆಯ ಹೊತ್ತಿನಲ್ಲೇ ಮಾಡುವುದು — ಇಷ್ಟನ್ನು ನಿಯಮ ಮಾಡಿಕೊಂಡೆ. ಇದರಿಂದ ದಿನಕ್ಕೆ ಒಂದೇ ಪರೀಕ್ಷೆ ಸಾಧ್ಯವಾಗುತ್ತಿತ್ತು, ಏಕೆಂದರೆ ಒಮ್ಮೆ ಎದ್ದು ಬೆಚ್ಚಗಾದ ಯಂತ್ರ ಮರುದಿನ ಮುಂಜಾನೆಯವರೆಗೆ ಮತ್ತೆ ಅಷ್ಟು ತಣ್ಣಗಾಗುತ್ತಿರಲಿಲ್ಲ. ಕೆಲಸ ನಿಧಾನವಾಯಿತು, ಆದರೆ ಯಾವ ಫಲಿತಾಂಶವೂ ಸಂಶಯಕ್ಕೆ ಎಡೆಕೊಡಲಿಲ್ಲ.

ಮೊದಲು ಯುಪಿಎಸ್ಸನ್ನೂ ಎಕ್ಸ್‌ಟೆನ್ಷನ್ ಬೋರ್ಡನ್ನೂ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಚ್ಚಿದೆ, ವ್ಯತ್ಯಾಸವಾಗಲಿಲ್ಲ. ಆ ಹೊತ್ತಿಗೆ ಪ್ಲಗ್ಗಿನಲ್ಲಿ 226 ವೋಲ್ಟ್ ಇತ್ತು, ಅಂದರೆ ಹೊರಗಿನ ವಿದ್ಯುತ್ತು ಸರಿಯಾಗಿಯೇ ಇತ್ತು. ಎರಡನೆಯದು ಮುಂದಿನ ಗುಂಡಿ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಗುಂಡಿ ಒಳಗೆ ಸಿಕ್ಕಿಕೊಂಡು, ನಾವು ಬೆರಳು ತೆಗೆದರೂ ಒತ್ತಿದಂತೆಯೇ ಉಳಿದು, ನಾಲ್ಕು ಸೆಕೆಂಡಿನ ನಂತರ ಯಂತ್ರವನ್ನು ತಾನೇ ನಿಲ್ಲಿಸುವುದುಂಟು. ಎಲ್ಲ ಭಾಗಗಳೂ ಸೇರುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಲ್ಲಿ ಆ ಗುಂಡಿಯ ಎಳೆಗಳು ಸೇರುವ ಎರಡು ಸಣ್ಣ ಕಡ್ಡಿಗಳಿರುತ್ತವೆ. ಎಳೆಗಳನ್ನು ಕಿತ್ತು, ಆ ಕಡ್ಡಿಗಳೆರಡನ್ನೂ ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಕಾಲ ಕೂಡಿಸಿದೆ. ಗುಂಡಿಯ ನಂಟೇ ಇಲ್ಲದೆಯೂ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಗುಂಡಿಯೂ ನಿರಪರಾಧಿ.

ಮೂರನೆಯದರಲ್ಲಿ ನಾನು ಸ್ವಲ್ಪ ದಾರಿ ತಪ್ಪಿದೆ. ಹಲವು ತಿಂಗಳಿಂದ ನಮ್ಮ ಕಂಪ್ಯೂಟರಿನ ಗಡಿಯಾರ ತಪ್ಪುತ್ತಿತ್ತು. ಪ್ಲಗ್ ತೆಗೆದು ಹಾಕಿದರೆ ತಾರೀಖು 2012ರ ಜನವರಿ 1ಕ್ಕೆ ಹೋಗಿ ಕೂಡುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032 ಎಂದು ಅದರ ಮೇಲೆ ಬರೆದಿರುತ್ತದೆ; 20 ಎಂಬುದು ಮಿಲಿಮೀಟರಿನಲ್ಲಿ ಅದರ ಅಗಲ, 32 ಎಂಬುದು 3.2 ಮಿಲಿಮೀಟರ್ ದಪ್ಪ. ಹೊಸತರಲ್ಲಿ 3 ವೋಲ್ಟ್ ಇರಬೇಕಾದ ಅದು 2.3ಕ್ಕೆ ಇಳಿದಿತ್ತು. ದೋಷ ಸಿಕ್ಕಿತೆಂದು ಸಂತೋಷಪಟ್ಟು ಹೊಸ ಸೆಲ್ ಹಾಕಿದೆ. ಗಡಿಯಾರ ಸರಿಹೋಯಿತು. ಮರುದಿನ ಮುಂಜಾನೆ ಯಂತ್ರ ಮತ್ತೆ ಒಂಬತ್ತನೆಯ ಸಲಕ್ಕೇ ಎದ್ದಿತು. ಒಂದೇ ಯಂತ್ರದಲ್ಲಿ ಎರಡು ದೋಷಗಳು ಅಕ್ಕಪಕ್ಕ ಇರಬಹುದು, ಒಂದು ಇನ್ನೊಂದರ ಕಾರಣವಾಗಿರಬೇಕೆಂದಿಲ್ಲ ಎಂಬುದು ನನಗೆ ಆ ದಿನ ಮನದಟ್ಟಾಯಿತು. ನೋಟುಬುಕ್ಕು ಇಲ್ಲದಿದ್ದರೆ, ಸೆಲ್ ಹಾಕಿದ ಮೇಲೆ ಅಂದು ಮಧ್ಯಾಹ್ನ ಒಂದೇ ಸಲಕ್ಕೆ ಎದ್ದದ್ದನ್ನು ನೋಡಿ ಎಲ್ಲ ಸರಿಯಾಯಿತೆಂದೇ ನಾನು ನಂಬಿಬಿಡುತ್ತಿದ್ದೆ.

ಆಮೇಲೆ ರ‍್ಯಾಮ್. ಎರಡೂ ಪಟ್ಟಿಗಳನ್ನು ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಮಗಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಶ್ಶಿನಿಂದ ಝಾಡಿಸಿ, ಒಂದೊಂದನ್ನೇ ಹಾಕಿ ನೋಡಿದೆ. ಫಲ ಸಿಗಲಿಲ್ಲ. ಆದರೆ ಈ ಹಂತದಲ್ಲಿ ಮಾಡಿದ ಒಂದು ಪರೀಕ್ಷೆ ಉಪಯೋಗಕ್ಕೆ ಬಂತು. ರ‍್ಯಾಮ್ ಇಲ್ಲದೆ ಚಾಲೂ ಮಾಡಿದರೆ ಬಹುತೇಕ ಮದರ್‌ಬೋರ್ಡುಗಳು ಬೀಪ್ ಎಂದು ಕೂಗಿ ದೂರು ಹೇಳುತ್ತವೆ. ನಮ್ಮದು ಮಧ್ಯಾಹ್ನ ಬೆಚ್ಚಗಿದ್ದಾಗ ಹಾಗೆಯೇ ಉದ್ದುದ್ದ ಕೂಗಿತು. ಅಂದರೆ ಪ್ರೊಸೆಸರ್ ಬದುಕಿದೆ, ಬಯಾಸ್ ಓಡುತ್ತಿದೆ, ಸ್ಪೀಕರು ಸರಿಯಿದೆ. ಮರುದಿನ ಮುಂಜಾನೆ ರ‍್ಯಾಮ್ ಇಲ್ಲದೆ ಒತ್ತಿದಾಗ ಮೊದಲ ಆರು ಸಲ ಕೂಗಲೇ ಇಲ್ಲ. ಕೂಗುವಷ್ಟು ಹೊತ್ತು ಅದು ಜೀವ ಹಿಡಿದಿರಲಿಲ್ಲ. ತೊಂದರೆ ರ‍್ಯಾಮಿಗಿಂತ ಮುಂಚಿನದು ಎಂದಾಯಿತು.

ಇನ್ನೊಂದು ಮುಂಜಾನೆ ಹಾರ್ಡ್‌ಡಿಸ್ಕ್ ಮತ್ತು ಡಿವಿಡಿ ಡ್ರೈವ್ ಎರಡರ ವಿದ್ಯುತ್ ತಂತಿಗಳನ್ನೂ ಕಿತ್ತು ಒತ್ತಿದೆ. ಮೂರನೆಯ ಸಲಕ್ಕೆ ಎದ್ದಿತು. ಕೋಣೆಯಲ್ಲಿ ಅದೇ 17 ಡಿಗ್ರಿ, ರಾತ್ರಿಯಿಡೀ ಬಂದ್. ಬದಲಾದದ್ದು ಹೊರೆ ಮಾತ್ರ. ಹೊರೆ ಇಳಿಸಿದರೆ ಬೇಗ ಏಳುತ್ತದೆ, ಬೆಚ್ಚಗಾದರೆ ಬೇಗ ಏಳುತ್ತದೆ. ಇಲ್ಲಿಗೆ ನನ್ನ ಕಣ್ಣು ಮದರ್‌ಬೋರ್ಡನ್ನು ಬಿಟ್ಟು, ಕ್ಯಾಬಿನೆಟ್ಟಿನ ಹಿಂದುಗಡೆ ಮೂಲೆಯಲ್ಲಿ ಕೂತಿದ್ದ ತಗಡಿನ ಡಬ್ಬಿಯ ಮೇಲೆ, ಅಂದರೆ ಎಸ್‌ಎಂಪಿಎಸ್ ಮೇಲೆ ಬಿತ್ತು.

ಗೋಡೆಯಿಂದ ಬರುವ 230 ವೋಲ್ಟಿನ ಎಸಿ ವಿದ್ಯುತ್ತನ್ನು ಈ ಡಬ್ಬಿ 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಾಯಿಸುತ್ತದೆ. ಹಳದಿ ತಂತಿ 12, ಕೆಂಪು 5, ಕಿತ್ತಳೆ 3.3, ನೇರಳೆ ತಂತಿಯಲ್ಲಿ ಯಂತ್ರ ಬಂದ್ ಇದ್ದಾಗಲೂ 5 ವೋಲ್ಟ್ ಇರುತ್ತದೆ, ಕಪ್ಪು ಎಂದರೆ ಸೊನ್ನೆ. ನಾವು ಗುಂಡಿ ಒತ್ತಿದಾಗ ಮದರ್‌ಬೋರ್ಡು ಹಸಿರು ತಂತಿಯನ್ನು ಸೊನ್ನೆಗೆ ಎಳೆದು, ಚಾಲೂ ಆಗು ಎಂದು ಎಸ್‌ಎಂಪಿಎಸ್ಸಿಗೆ ತಿಳಿಸುತ್ತದೆ. ಎಲ್ಲ ವೋಲ್ಟೇಜುಗಳೂ ಸ್ಥಿರವಾದ ಮೇಲೆ, ಅರ್ಧ ಸೆಕೆಂಡಿನೊಳಗೆ, ಎಸ್‌ಎಂಪಿಎಸ್ ಬೂದು ತಂತಿಯ ಮೂಲಕ ಎಲ್ಲ ಕ್ಷೇಮ ಎಂದು ಉತ್ತರಿಸಬೇಕು. ಆ ಉತ್ತರ ಬರುವವರೆಗೆ ಪ್ರೊಸೆಸರನ್ನು ಎಬ್ಬಿಸುವುದಿಲ್ಲ. ಉತ್ತರ ಬಾರದಿದ್ದರೆ ಅಥವಾ ಬಂದು ತಪ್ಪಿಹೋದರೆ ಎಲ್ಲವೂ ನಿಲ್ಲುತ್ತದೆ. ನಮ್ಮ ಫ್ಯಾನಿನ ಅರ್ಧ ಸುತ್ತು ಎಂದರೆ ಆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಹೊತ್ತು ಎಂದು ನನಗೆ ಅರ್ಥವಾದಾಗ, ಎರಡು ವಾರದಿಂದ ಕೇಳುತ್ತಿದ್ದ ಆ ಸದ್ದು ಮೊದಲ ಬಾರಿಗೆ ಮಾತಾಡಿದಂತೆ ಅನಿಸಿತು.

ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ನಮ್ಮ ಓಣಿಯ ಒಬ್ಬ ಹುಡುಗನಿಂದ ತಂದುಕೊಂಡಿದ್ದೆ. ಅವನು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವನು, ಸದ್ಯ ಟಿವಿ ಮತ್ತು ಇನ್ವರ್ಟರ್ ರಿಪೇರಿ ಮಾಡುತ್ತಾನೆ. ಎಸ್‌ಎಂಪಿಎಸ್ಸನ್ನು ಯಂತ್ರದಿಂದ ಬಿಡಿಸಿ, ಹಸಿರು ಮತ್ತು ಕಪ್ಪು ತಂತಿಗಳ ತೂತುಗಳಿಗೆ ಬಾಗಿಸಿದ ಪೇಪರ್ ಕ್ಲಿಪ್ಪು ಸಿಕ್ಕಿಸಿ ಚಾಲೂ ಮಾಡಿದೆ. ಫ್ಯಾನು ಚೆನ್ನಾಗಿ ತಿರುಗಿತು, ಹಳದಿಯಲ್ಲಿ 12.1, ಕೆಂಪಿನಲ್ಲಿ 5.06. ಇದನ್ನಷ್ಟೇ ನೋಡಿದವರು ಎಸ್‌ಎಂಪಿಎಸ್ ಸರಿಯಿದೆ ಎಂದುಬಿಡುತ್ತಾರೆ, ಎಷ್ಟೋ ಕಡೆ ಹಾಗೆಯೇ ಆಗುತ್ತದೆ ಎಂದು ಆ ಹುಡುಗ ಹೇಳಿದ. ಖಾಲಿ ಎತ್ತಿನಗಾಡಿ ಏರು ಹತ್ತಿದರೆ ಎತ್ತಿನ ಶಕ್ತಿ ತಿಳಿಯುವುದಿಲ್ಲ. ಆದ್ದರಿಂದ ಮರುದಿನ ಮುಂಜಾನೆ ಅವನನ್ನು ಕರೆಸಿ, ಯಂತ್ರಕ್ಕೆ ಎಲ್ಲ ತಂತಿಗಳನ್ನೂ ಹಚ್ಚಿದ ಸ್ಥಿತಿಯಲ್ಲೇ, ದೊಡ್ಡ ಕನೆಕ್ಟರಿನ ಹಿಂಬದಿಯಿಂದ ಕೆಂಪು ತಂತಿಯ ಪಕ್ಕಕ್ಕೆ ಮೀಟರಿನ ಮುಳ್ಳು ತೂರಿಸಿ, ಗುಂಡಿ ಒತ್ತಿ ನೋಡಿದೆವು. 5 ವೋಲ್ಟಿನ ಮಾರ್ಗದಲ್ಲಿ ನೂರಕ್ಕೆ ಐದರಷ್ಟು ಏರಿಳಿತಕ್ಕೆ ಮಾತ್ರ ಅವಕಾಶ, ಅಂದರೆ 4.75ಕ್ಕಿಂತ ಕೆಳಗೆ ಹೋಗಬಾರದು. ಮೀಟರು 4.4 ತೋರಿಸಿ ಸೊನ್ನೆಗೆ ಬಿದ್ದಿತು. ಮತ್ತೆ 4.4, ಮತ್ತೆ ಸೊನ್ನೆ. ನಾಲ್ಕನೆಯ ಸಲಕ್ಕೆ 4.5, ಆರನೆಯ ಸಲಕ್ಕೆ 4.6. ಅಂಥ ಮೀಟರು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಾಯಿಸುತ್ತದೆ, ಆದ್ದರಿಂದ ಆ ಅಂಕಿಗಳನ್ನು ಸ್ಥೂಲವಾಗಿಯೇ ಹಿಡಿಯಬೇಕು. ಆದರೆ ಅವು ಮೆಟ್ಟಿಲು ಹತ್ತುವಂತೆ ಒಂದೊಂದೇ ಸಲಕ್ಕೆ ಏರುತ್ತಿದ್ದದ್ದು ಕಣ್ಣಿಗೆ ಕಾಣುವಂತಿತ್ತು. ಎಂಟನೆಯ ಸಲಕ್ಕೆ 4.9ಕ್ಕೆ ಬಂದು ನಿಂತಿತು, ಮಾನಿಟರು ಬೆಳಗಿತು.

ಆ ಹುಡುಗ ತನ್ನ ಮನೆಯಲ್ಲಿದ್ದ ಒಂದು ಒಳ್ಳೆಯ ಎಸ್‌ಎಂಪಿಎಸ್ಸನ್ನು ಎರಡು ದಿನಕ್ಕೆ ಕೊಟ್ಟ. ಮರುದಿನ ಮುಂಜಾನೆ ಆರೂವರೆಗೆ, 16 ಡಿಗ್ರಿಯಲ್ಲಿ, ಅದನ್ನು ಹಚ್ಚಿ ಗುಂಡಿ ಒತ್ತಿದೆ. ಮೊದಲ ಸಲಕ್ಕೇ ಎದ್ದಿತು. ನಾನು ಕುರ್ಚಿಯಿಂದ ಏಳದೆ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದೆ. ಎಳ್ಳಮಾವಾಸ್ಯೆ ಮೂರು ದಿನ ಮಾತ್ರ ದೂರವಿತ್ತು.

ಹಬ್ಬದ ದಿನ ನಮ್ಮ ಕಡೆ ಊರೇ ಹೊಲಕ್ಕೆ ನಡೆಯುತ್ತದೆ. ನಾವೂ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಅಣ್ಣನ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಜೋಳದ ತೆನೆಯ ನಡುವೆ ಕೂತು ಉಂಡು ಬಂದೆವು. ಅದರ ಮರುದಿನ ಹೊಸ ಎಸ್‌ಎಂಪಿಎಸ್ ಕೊಳ್ಳಲು ಹೋದಾಗ ನಾನು ನೋಡಿದ್ದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟನ್ನಲ್ಲ, ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿನ ಮಾರ್ಗಕ್ಕೆ ಎಷ್ಟು ಆಂಪಿಯರ್ ಎಂದು ಬರೆದಿದ್ದನ್ನು. ನಮ್ಮ ಹಳೆಯದರ ಮೇಲೆ 450 ವ್ಯಾಟ್ ಎಂದಿತ್ತು. ಆದರೆ 12 ವೋಲ್ಟಿಗೆ ಬರೆದಿದ್ದದ್ದು 14 ಆಂಪಿಯರ್, ಗುಣಿಸಿದರೆ 168 ವ್ಯಾಟ್ ಮಾತ್ರ. ಹೊಸದರಲ್ಲಿ 34 ಆಂಪಿಯರ್, ಅಂದರೆ 408 ವ್ಯಾಟ್, ಮತ್ತು 80 ಪ್ಲಸ್ ಎಂಬ ಗುರುತು; ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಾದರೂ ಯಂತ್ರಕ್ಕೆ ತಲುಪುತ್ತದೆ, ಬಿಸಿಯಾಗಿ ಪೋಲಾಗುವುದು ಕಡಿಮೆ ಎಂಬುದು ಆ ಗುರುತಿನ ಅರ್ಥ. ಕೈಯಲ್ಲಿ ಹಿಡಿದರೆ ಹಳೆಯದರ ಎರಡರಷ್ಟು ತೂಕ. ನಾನು ಇಷ್ಟು ವರ್ಷ ಈ ಪಟ್ಟಿಯನ್ನು ಓದದೆ ಬಿಟ್ಟಿದ್ದೆನಲ್ಲ ಎಂದು ನಿಜಕ್ಕೂ ನೋವಾಯಿತು, ಏಕೆಂದರೆ ಇದೇ ಡಬ್ಬಿಯನ್ನು ನಂಬಿ ಎಷ್ಟೋ ವಿದ್ಯಾರ್ಥಿಗಳ ಪ್ರಬಂಧಗಳನ್ನು ಇಟ್ಟುಕೊಂಡಿದ್ದೆ.

ಯಂತ್ರ ಸರಿಹೋದರೂ ಕಾರಣವನ್ನು ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಎಸ್‌ಎಂಪಿಎಸ್ ಡಬ್ಬಿಯನ್ನು ಕಲಿತವರಲ್ಲದೆ ಬೇರೆಯವರು ಬಿಚ್ಚಬಾರದು. 230 ವೋಲ್ಟಿನ ಎಸಿಯನ್ನು ಡಿಸಿ ಮಾಡಿದಾಗ ಅದರೊಳಗೆ ಸುಮಾರು 325 ವೋಲ್ಟ್ ಸಂಗ್ರಹವಾಗುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಜೀವಕ್ಕೆ ಅಪಾಯ. ಆ ಹುಡುಗ ಹಳೆಯದನ್ನು ಎರಡು ದಿನ ಹಾಗೆಯೇ ಬಿಟ್ಟು, ಬಿಚ್ಚಿದ ಮೇಲೂ ವಿದ್ಯುತ್ತನ್ನು ಹಿಡಿದಿಡುವ ದೊಡ್ಡ ಕೆಪಾಸಿಟರುಗಳ ಕಾಲುಗಳಿಗೆ ಒಂದು ಬಲ್ಬಿನ ತಂತಿಗಳನ್ನು ಮುಟ್ಟಿಸಿ ಉಳಿದದ್ದನ್ನು ಬಸಿದು, ಮೀಟರು ಸೊನ್ನೆ ತೋರಿಸಿದ ಮೇಲೆಯೇ ಕೈಹಾಕಿದ.

ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಧೂಳು. ನಮ್ಮ ಮನೆ ದಾಲ್ ಮಿಲ್ಲುಗಳಿಗೆ ಹತ್ತಿರ. ತೊಗರಿಯ ಹೊಟ್ಟಿನ ನಯವಾದ ಪುಡಿ ವರ್ಷವಿಡೀ ಗಾಳಿಯಲ್ಲಿರುತ್ತದೆ. ಅದು ಫ್ಯಾನಿನ ರೆಕ್ಕೆಗಳಿಗೂ ಅಲ್ಯೂಮಿನಿಯಂ ಪಟ್ಟಿಗಳಿಗೂ ಮೆತ್ತಿಕೊಂಡು, ಗಾಳಿ ಆಡಲು ಸಂದಿಲ್ಲದಂತೆ ಬೂದುಬಣ್ಣದ ಕಂಬಳಿಯಾಗಿತ್ತು. ಬ್ರಶ್ಶಿನಿಂದ ಅದನ್ನು ತೆಗೆದ ಮೇಲೆ, ತಂತಿಗಳು ಹೊರಡುವ ಕಡೆ ಸಾಲಾಗಿ ನಿಂತಿದ್ದ ಐದು ಸಣ್ಣ ಕೆಪಾಸಿಟರುಗಳು ಕಂಡವು. ಒಂದೊಂದೂ ಕಿರುಬೆರಳಿನ ಮೊದಲ ಗೆಣ್ಣಿನಷ್ಟು. ಅವುಗಳ ತಲೆ ಸಪಾಟಾಗಿರಬೇಕು, ಅದರ ಮೇಲೆ ಕೂಡಿಸುವ ಗುರುತಿನ ಆಕಾರದಲ್ಲಿ ಗೀರು ಇರುತ್ತದೆ. ಮೂರರ ತಲೆ ಸಪಾಟಾಗಿತ್ತು. ಕೆಂಪು ತಂತಿಗಳ ಬುಡದ ಎರಡು ಮಾತ್ರ ಹಂಚಿನ ಮೇಲೆ ಉಬ್ಬಿದ ರೊಟ್ಟಿಯಂತೆ ಗುಮ್ಮಟವಾಗಿದ್ದವು. ಒಂದರ ಗೀರು ಬಾಯಿಬಿಟ್ಟು, ಅದರಿಂದ ಒಸರಿದ್ದು ಪಕ್ಕದಲ್ಲಿ ಬೆಲ್ಲದ ಪಾಕ ಒಣಗಿದಂತೆ ಕಂದಾಗಿ ಅಂಟಿಕೊಂಡಿತ್ತು. “ಅಕ್ಕಾ, ನೀವು ಬುಕ್ಕಿನ್ಯಾಗ ಬರದಿದ್ದು ಖರೇ ಅದ ನೋಡ್ರಿ,” ಎಂದು ಅವನು ಅವೆರಡನ್ನೂ ಬಿಡಿಸಿ ಅಳೆದ. ಮೇಲೆ ಅಚ್ಚಾಗಿದ್ದ ಸಾಮರ್ಥ್ಯ 2200 ಮೈಕ್ರೋಫ್ಯಾರಡ್. ಮೀಟರಿನಲ್ಲಿ ಬಂದದ್ದು ಒಂದಕ್ಕೆ 340, ಇನ್ನೊಂದಕ್ಕೆ 610.

ನಾಲ್ಕು ಗೆರೆಯ ಹಾಳೆಯಲ್ಲಿ ಬರೆದ ಪ್ರತಿ ಅಂಕಿಗೂ ಉತ್ತರ ಅಲ್ಲೇ ಇತ್ತು. ಇಂಥ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ಒಂದು ದ್ರವದಲ್ಲಿ ನೆನೆದ ಕಾಗದ ಸುತ್ತಿರುತ್ತದೆ. ಏರಿಳಿತದ ವಿದ್ಯುತ್ತನ್ನು ಕುಡಿದು ಸಮವಾಗಿ ಹೊರಬಿಡುವುದು ಅದರ ಕೆಲಸ. ಬಿಸಿಗೆ ಆ ದ್ರವ ವರ್ಷವರ್ಷಕ್ಕೂ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಹೊರಗೆ 42, 43 ಡಿಗ್ರಿ ಕಾಯುವ ನಮ್ಮ ಮೇ ತಿಂಗಳುಗಳಲ್ಲಿ, ಧೂಳಿನ ಕಂಬಳಿ ಹೊದ್ದು, ಆ ಡಬ್ಬಿ ಹತ್ತಕ್ಕೂ ಹೆಚ್ಚು ಬೇಸಿಗೆ ಕಳೆದಿತ್ತು. ದ್ರವ ಆರಿದಂತೆ ಒಳಗಿನ ತಡೆ ಹೆಚ್ಚುತ್ತದೆ. ಚಳಿಯಲ್ಲಿ ಅಳಿದುಳಿದ ದ್ರವ ಇನ್ನಷ್ಟು ಮಂದವಾಗಿ ತಡೆ ಮತ್ತೂ ಏರುತ್ತದೆ. ವೋಲ್ಟೇಜು ಕುಸಿಯುತ್ತದೆ, ಬೂದು ತಂತಿಯ ಉತ್ತರ ತಪ್ಪುತ್ತದೆ. ಆದರೆ ಪ್ರತಿ ಸಲ ಗುಂಡಿ ಒತ್ತಿದಾಗಲೂ ಹರಿದ ವಿದ್ಯುತ್ತು ಅದೇ ತಡೆಯಿಂದಾಗಿ ಕೆಪಾಸಿಟರನ್ನು ತುಸು ಬೆಚ್ಚಗೆ ಮಾಡುತ್ತದೆ, ತಡೆ ತುಸು ಇಳಿಯುತ್ತದೆ. 4.4, 4.5, 4.6 ಎಂದು ನಾವು ಕಂಡ ಮೆಟ್ಟಿಲು ಇದೇ. ಹಾಗಾಗಿ ಬೇಸಿಗೆಯಲ್ಲಿ ಆದ ಗಾಯ ಚಳಿಗಾಲದಲ್ಲಿ ನೋವು ಕೊಟ್ಟಿತ್ತು. ಅಂಗಡಿಯ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕಾಣಿಸದೆ ಹೋದದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಇದರ ನಡುವೆಯೇ ಇನ್ನೊಂದು ಸಂಗತಿ ಹೊರಬಿತ್ತು, ಅದು ಕಂಪ್ಯೂಟರಿಗಿಂತ ಮುಖ್ಯವಾದದ್ದು. ನಮ್ಮ ಅತ್ತೆ ಬಹಳ ದಿನದಿಂದ, “ಆ ಡಬ್ಬಿ ಮುಟ್ಟಿದ್ರ ಕೈ ಜುಮ್ ಅಂತದವಾ,” ಎನ್ನುತ್ತಿದ್ದರು. ಶಹಾಬಾದ್ ಫರಸಿಯ ನೆಲ ಒರೆಸುವಾಗ ಒದ್ದೆ ಕೈ ತಾಗಿದರೆ ಹಾಗಾಗುತ್ತಿತ್ತು. ವಯಸ್ಸಾದ ಕೈ, ನರದ ತೊಂದರೆ ಇರಬೇಕೆಂದು ನಾವು ಅದನ್ನು ಬದಿಗೆ ಸರಿಸಿದ್ದೆವು. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೂ ಅವರು ಅದೇ ಮಾತು ಹೇಳಿದಾಗ, ಹುಡುಗ ಟೆಸ್ಟರನ್ನು ಕ್ಯಾಬಿನೆಟ್ಟಿಗೆ ಮುಟ್ಟಿಸಿದ. ಅದರ ದೀಪ ಮಿಣುಕಿತು. ಕ್ಯಾಬಿನೆಟ್ಟಿಗೂ ಹಿತ್ತಲಿನ ಬೋರಿನ ಕಬ್ಬಿಣದ ಪೈಪಿಗೂ ನಡುವೆ ಅಳೆದರೆ 108 ವೋಲ್ಟ್. ಎಸ್‌ಎಂಪಿಎಸ್ ಒಳಗೆ ಬರುವ ವಿದ್ಯುತ್ತಿನ ಗದ್ದಲವನ್ನು ಸೋಸಲು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ತಗಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಹಚ್ಚಿರುತ್ತಾರೆ. ಪ್ಲಗ್ಗಿನ ಮೂರನೆಯ ಕಡ್ಡಿ ನೆಲಕ್ಕೆ ಸೇರಿದ್ದರೆ ಅವುಗಳಿಂದ ಸೋರುವ ವಿದ್ಯುತ್ತು ಹಾಗೆಯೇ ಇಳಿದುಹೋಗುತ್ತದೆ, ಸೇರದಿದ್ದರೆ ತಗಡು ಹೆಚ್ಚುಕಡಿಮೆ ಅರ್ಧ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ಆ ವಿದ್ಯುತ್ತು ಅಲ್ಪ, ಜುಮ್ ಎನ್ನಿಸುವಷ್ಟು ಮಾತ್ರ. ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ನಿಜವಾದ ದೋಷ ಬಂದ ದಿನ ತಗಡಿಗೆ ಪೂರ್ತಿ 230 ಬರಬಹುದು ಎಂದು ಅವನು ಹೇಳಿದಾಗ, ಅತ್ತೆಯ ಮಾತನ್ನು ಅಷ್ಟು ದಿನ ಕಿವಿಗೆ ಹಾಕಿಕೊಳ್ಳದ್ದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರು ಬಂದು ಹಿತ್ತಲಿನ ಅರ್ಥಿಂಗ್ ಗುಂಡಿಯನ್ನು ಅಗೆದರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿದಿತ್ತು. ತಂತಿ ಸೇರುವ ಬೋಲ್ಟು ತುಕ್ಕು ತಿಂದು ಬೇರೆಯಾಗಿತ್ತು. ಹೊಸ ಪೈಪು ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ತಂತಿ ಬಿಗಿದು, ನೀರು ಹೊಯ್ದು ಅಳೆದಾಗ ಕ್ಯಾಬಿನೆಟ್ಟಿನ ಮೇಲೆ 1 ವೋಲ್ಟು ಕೂಡ ಉಳಿದಿರಲಿಲ್ಲ. ಅತ್ತೆ ಒದ್ದೆ ಕೈಯಿಂದಲೇ ಮುಟ್ಟಿ ನೋಡಲು ಹೋದರು. ಎಲೆಕ್ಟ್ರೀಷಿಯನ್ನರು ಬೇಡವೆಂದು ತಡೆದು, ಒಣ ಬಟ್ಟೆಯಲ್ಲಿ ಕೈ ಒರೆಸಿಕೊಂಡ ಮೇಲೆ ಮುಟ್ಟಲು ಬಿಟ್ಟರು.

ಪ್ರಬಂಧ ಹೊತ್ತಿಗೆ ಸರಿಯಾಗಿ ಮುಗಿಯಿತು. ಆ ಎರಡು ಉಬ್ಬಿದ ಕೆಪಾಸಿಟರುಗಳು ಈಗ ನನ್ನ ಮೇಜಿನ ಖಾನೆಯಲ್ಲಿ ಒಂದು ಕುಂಕುಮದ ಡಬ್ಬಿಯೊಳಗಿವೆ. ನೋಟುಬುಕ್ಕಿನ ಹಾಳೆಯಲ್ಲಿ ಜನವರಿಯ ಕೊನೆಯವರೆಗೂ ಬರೆಯುತ್ತಲೇ ಹೋದೆ. ಕೊನೆಯ ಗೆರೆಯಲ್ಲಿ, ಮುಂಜಾನೆ ಆರೂವರೆ, 16 ಡಿಗ್ರಿ, ರಾತ್ರಿಯಿಡೀ ಬಂದ್, 1 ಎಂದಿದೆ. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ತೊಗರಿ ಧೂಳನ್ನು ಬ್ರಶ್ಶಿನಿಂದ ಝಾಡಿಸುತ್ತೇನೆ. ಹಿತ್ತಲಿನ ಕರಿಬೇವಿಗೆ ನೀರು ಹಾಕುವಾಗ ಅರ್ಥಿಂಗ್ ಗುಂಡಿಗೂ ಎರಡು ಕೊಡ ನೀರು ಹಾಕುವ ಕೆಲಸವನ್ನು ಅತ್ತೆಯವರು ತಾವೇ ವಹಿಸಿಕೊಂಡಿದ್ದಾರೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ.